ಹಾರ ಹಾಕಿದ ಫೋಟೋಗೆ ಪೇಮೆಂಟ್ ಇಲ್ಲ

ಮೊನ್ನೆ ಗುರುವಾರ ಬೆಳಗ್ಗೆ ಕಾಫಿಗೆ ಹಾಲು ಇಡುವಾಗ ಬ್ಯಾಂಕಿನ ಮೆಸೇಜ್ ಬಂತು. ಧಾರಾವಾಹಿಯ ಬಾಕಿ ದುಡ್ಡಿನ ಕೊನೇ ಕಂತು. ಮಗಳ ಕೈಗೆ ಫೋನ್ ಕೊಟ್ಟು ಸೊನ್ನೆಗಳನ್ನು ಎರಡು ಸಲ ಎಣಿಸಿದೆ. ಅಷ್ಟು ಹೊತ್ತಿಗೆ ಹಾಲು ಉಕ್ಕಿತ್ತು. ಅಮ್ಮ "ಒಳ್ಳೇದಾಯ್ತು ಬಿಡು, ಶುಭ" ಅಂದರು. ಒಲೆ ಒರೆಸಿದ್ದು ನಾನೇ.

ಒಟ್ಟು ಒಂದು ವರ್ಷದ ಕಥೆ ಇದು. ತುಮಕೂರು, ಗುಬ್ಬಿ, ತಿಪಟೂರು ಕಡೆಯ ನಾಟಕದ ಹೆಣ್ಣುಮಕ್ಕಳು ಎಷ್ಟೋ ಜನ ಈಗ ಸೀರಿಯಲ್ ಕಡೆ ಹೊರಟಿದ್ದಾರೆ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ "ಅಕ್ಕ, ಹೆಂಗಿರುತ್ತೆ, ದುಡ್ಡು ಸಿಗುತ್ತಾ" ಅಂತ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈಗ 52. ಹಳ್ಳಿ ನಾಟಕಗಳಲ್ಲಿ 28 ವರ್ಷ ಬಣ್ಣ ಹಚ್ಚಿದ್ದೇನೆ. ನಮ್ಮ ಕಡೆ ಕುರುಕ್ಷೇತ್ರ ನಾಟಕದ ಲೆಕ್ಕ ಗೊತ್ತಲ್ವಾ? ಊರಿನ ಗಂಡಸರು ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ. ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ದುಡ್ಡು ಕಟ್ಟಿದವರ ವಯಸ್ಸನ್ನು ಯಾರೂ ಕೇಳಲ್ಲ. ರಿಟೈರಾದ ಮೇಷ್ಟ್ರು ಮೊಮ್ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತಾವು ಕೊಳಲು ಹಿಡಿದು ಬರುತ್ತಾರೆ. ಶಿಳ್ಳೆ ಬೀಳುತ್ತೆ, ನೋಟಿನ ಹಾರ ಬೀಳುತ್ತೆ. ನಾನು 26ಕ್ಕೆ ದ್ರೌಪದಿ. 39ಕ್ಕೆ ಕುಂತಿ. ಕೃಷ್ಣನಿಗೆ "ಅಣ್ಣಾ" ಅಂತಿದ್ದವಳು ಅದೇ ಕೃಷ್ಣನಿಗೆ ಸೋದರತ್ತೆಯಾದೆ. ಅವರು ಕೃಷ್ಣನಾಗಿಯೇ ಇದ್ದರು. 47ಕ್ಕೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಗಾಂಧಾರಿ ಮಾಡಿದರು. ಆಮೇಲೆ ವರ್ಷಕ್ಕೆ ಸಿಗುವ ನಾಟಕ ನಲವತ್ತರಿಂದ ಹನ್ನೆರಡಕ್ಕೆ ಇಳಿಯಿತು. ಹಾಗಾಗಿ ಸೀರಿಯಲ್ಲು.

ಸೀರಿಯಲ್‌ಗೆ ನೇರವಾಗಿ ಹೋಗೋದು ಕಷ್ಟ. ನಡುವೆ ಕೋಆರ್ಡಿನೇಟರ್ ಅಂತ ಒಬ್ಬರು ಇರುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ "ಬೇಕಾಗಿದ್ದಾರೆ" ಅಂತ ಹಾಕುತ್ತಾರೆ. ಆ ಗ್ರೂಪಿಗೆ ಸೇರಿದ ಮೊದಲ ವಾರ ಬಂದ ಎರಡು ಮೆಸೇಜ್ ನನಗೆ ಇನ್ನೂ ನೆನಪಿವೆ. ಒಂದು: "ಹೀರೋ ಅಪ್ಪ, 50ರಿಂದ 65, ಗತ್ತು ಇರಬೇಕು." ಇನ್ನೊಂದು: "ಹೀರೋ ಅಮ್ಮ, 38ರಿಂದ 45, ಬೆಳ್ಳಗೆ, ಸಣ್ಣಗೆ ಇರಬೇಕು, ಮುಖ ಲಕ್ಷಣವಾಗಿರಬೇಕು." ಗಂಡ ಹೆಂಡತಿ ಒಂದೇ ಮನೆಯವರು. ಅಳತೆ ಮಾತ್ರ ಬೇರೆ ಬೇರೆ.

ನಾನು ನನ್ನ ವಯಸ್ಸು 52 ಅಂತಲೇ ಬರೆದು ಫೋಟೋ ಕಳಿಸಿದೆ. ಕೋಆರ್ಡಿನೇಟರ್ ಫೋನ್ ಮಾಡಿ, "ಅಕ್ಕ, 44 ಅಂತ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದ. ಆಮೇಲೆ ಅವನೇ ಸಮಾಧಾನ ಹೇಳಿದ. "ನಿಮ್ಮ ಜಿಲ್ಲೆಯವರೇ ಅಲ್ವಾ ಉಮಾಶ್ರೀ ಮೇಡಂ? ನೋಡಿ ಎಲ್ಲಿಗೆ ಹೋದ್ರು." ಹೌದು, ನೊಣವಿನಕೆರೆಯವರು. ಐವತ್ತು ದಾಟಿದ ಮೇಲೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ತಗೊಂಡವರು. ಅರವತ್ತು ದಾಟಿದ ಮೇಲೆ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಗೆ ಪುಟ್ಟಕ್ಕನಾದವರು. ನಮಗೆ ಹೆಮ್ಮೆ ಇದೆ. ಆದರೆ ಮುಂದೆ ನೋಡಿ, ನಾನು ಏನೇ ತಕರಾರು ಮಾಡಿದರೂ ಇದೊಂದೇ ಹೆಸರು ಹೇಳಿ ಬಾಯಿ ಮುಚ್ಚಿಸಿದರು. ಅರವತ್ತರ ಗಂಡಸರಲ್ಲಿ ಯಾರಿಗೆ ಪಾತ್ರ ಸಿಕ್ಕಿದೆ ಅಂತ ಕೇಳಿದರೆ ಹತ್ತು ಹೆಸರು ಬರುತ್ತೆ, ಉದಾಹರಣೆ ಹುಡುಕಬೇಕಾಗಿಲ್ಲ.

ಆಡಿಷನ್ ಈಗ ಮನೆಯಲ್ಲೇ. ಅವರು ಸಂಭಾಷಣೆ ಕಳಿಸುತ್ತಾರೆ, ನಾವು ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಬೇಕು. ನನ್ನದನ್ನು ಮಗಳು ತೆಗೆದಳು. ನಾಟಕದ ಅಭ್ಯಾಸ, ಕೊನೇ ಸಾಲಿನವರಿಗೂ ಕೇಳಬೇಕು ಅಂತ ಕೂಗಿ ಹೇಳಿದೆ. ಪಕ್ಕದ ಮನೆಯವರು ಜಗಳ ಅಂದುಕೊಂಡು ಗೇಟಿನ ಹತ್ತಿರ ಬಂದರು. ಐದನೇ ಸಲಕ್ಕೆ ಸರಿಹೋಯಿತು. ಒಂದು ಮಾತು ನೆನಪಿಡಿ: ಆಡಿಷನ್‌ಗೆ, ಫೋಟೋ ಶೂಟ್‌ಗೆ, "ರಿಜಿಸ್ಟ್ರೇಷನ್"ಗೆ ಅಂತ ಮೊದಲೇ ದುಡ್ಡು ಕೇಳಿದರೆ ಕೊಡಬೇಡಿ. ಕೋಆರ್ಡಿನೇಟರ್ ಕಮಿಷನ್ ನಮಗೆ ಪೇಮೆಂಟ್ ಬಂದ ಮೇಲೆ. ನನ್ನವನು 10 ಪರ್ಸೆಂಟ್ ತಗೊಂಡ.

ಹತ್ತೊಂಬತ್ತು ದಿನ ಏನೂ ಸುದ್ದಿ ಇಲ್ಲ. ಇಪ್ಪತ್ತನೇ ದಿನ ರಾತ್ರಿ ಹತ್ತಕ್ಕೆ ಫೋನ್: ನಾಳೆ ಬೆಳಗ್ಗೆ ಎಂಟಕ್ಕೆ ಲುಕ್ ಟೆಸ್ಟ್ (ಮೇಕಪ್ ಹಾಕಿ ಪಾತ್ರಕ್ಕೆ ಹೊಂದುತ್ತೀವಾ ಅಂತ ನೋಡೋದು), ಬೆಂಗಳೂರಿನ ನಾಗರಭಾವಿ. ಅಂದರೆ ಐದಕ್ಕೇ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು, ಅದನ್ನು ಹೇಳಲೇಬೇಕು. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಎರಡರಲ್ಲೂ ಫ್ರೀ, ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿನಲ್ಲೂ ಫ್ರೀ. ಆಧಾರ್ ಕೈಯಲ್ಲಿರಲಿ. ಗೊರಗುಂಟೆಪಾಳ್ಯದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುತ್ತಿದ್ದೆ. ಆದರೆ ರಾತ್ರಿ ಪ್ಯಾಕಪ್, ಅಂದರೆ ಶೂಟಿಂಗ್ ಮುಗಿಯೋದು, ಹತ್ತೂವರೆಗೆ ಆದರೆ ಅಲ್ಲಿಂದ ನನಗೆ ಸಿಟಿ ಬಸ್ಸು ಸಿಗುತ್ತಿರಲಿಲ್ಲ. ಗೊರಗುಂಟೆಪಾಳ್ಯಕ್ಕೆ ಆಟೋದವನು 300 ಅಂದರೆ 300.

ಲುಕ್ ಟೆಸ್ಟ್ ದಿನ ಒಂದು ತಮಾಷೆ ಆಯಿತು. ಇಷ್ಟು ದಿನ ಚಿಕ್ಕವಳಾಗಿ ಕಾಣಬೇಕು ಅಂತ 44 ಬರೆಸಿದವರು, ಕುರ್ಚಿಯಲ್ಲಿ ಕೂರಿಸಿದ ಕೂಡಲೇ ಮುದುಕಿ ಮಾಡಲು ಶುರು ಮಾಡಿದರು. ಯಾಕೆ ಅಂದರೆ ಹೀರೋಗೆ 44. ನನಗಿಂತ ಎಂಟು ವರ್ಷ ಚಿಕ್ಕವನು. ಎಂಟನೇ ವಯಸ್ಸಿಗೇ ಹೆತ್ತಿರಬೇಕು ನಾನು! ಮೇಕಪ್ ಮಾಡುವವರು ಹಳಬರು. ಬಿಳಿ ಬಣ್ಣದ ಬ್ರಷ್ಷನ್ನು ನನ್ನ ಬೈತಲೆ ಹತ್ತಿರ ಎಳೆಯುತ್ತಾ ಇದ್ದರು. ಪಕ್ಕದ ಕುರ್ಚಿಯಲ್ಲಿ ನನ್ನ ಗಂಡನ ಪಾತ್ರದವರು, 63 ವರ್ಷ. ಮೇಕಪ್ ಹುಡುಗ ಅವರ ಮೀಸೆಗೆ ಕಪ್ಪು ಹಚ್ಚುತ್ತಿದ್ದ. ಒಂದೇ ಕನ್ನಡಿ, ಒಂದೇ ಸಾಲಿನ ಬಲ್ಬು. ನನ್ನ ಕಡೆ ಬಿಳಿ ಡಬ್ಬ, ಅವರ ಕಡೆ ಕಪ್ಪು ಡಬ್ಬ.

ನಾನು ಅದನ್ನೇ ನೋಡುತ್ತಿದ್ದದ್ದು ಮೇಕಪ್‌ನವರಿಗೆ ಗೊತ್ತಾಯಿತು. "ಇದು ಹೊಸದಲ್ಲಮ್ಮ" ಅಂತ ಮೆತ್ತಗೆ ಹೇಳಿದರು. "ನಮ್ಮ ಪಂಡರಿಬಾಯಿ ಅವರು 1952ರಲ್ಲಿ ತಮಿಳಿನ 'ಪರಾಶಕ್ತಿ'ಲಿ ಶಿವಾಜಿ ಗಣೇಶನ್‌ಗೆ ಹೀರೋಯಿನ್. 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜಣ್ಣಂಗೆ ಹೆಂಡ್ತಿ. 1969ರಲ್ಲಿ 'ದೈವಮಗನ್' ಬಂತು. ಶಿವಾಜಿಗೆ ಅದರಲ್ಲಿ ಮೂರು ಪಾತ್ರ. ಅಪ್ಪನೂ ಅವರೇ, ಇಬ್ಬರು ಮಕ್ಕಳೂ ಅವರೇ. ಪಂಡರಿಬಾಯಿ ಅವರು ಅಪ್ಪಂಗೆ ಹೆಂಡ್ತಿ, ಆ ಮಕ್ಕಳಿಗೆ ತಾಯಿ." ಬ್ರಷ್ ತೊಳೆದು, "ಗಂಡಸಾದ್ರೆ ಒಂದೇ ಟಿಕೆಟ್ಟಿಗೆ ಮೂರು ವಯಸ್ಸು" ಅಂದರು. ನಾನು ಗುಬ್ಬಿ ಕಡೆಯವಳು, 'ಬೇಡರ ಕಣ್ಣಪ್ಪ' ನಮ್ಮ ಗುಬ್ಬಿ ಕಂಪನಿಯವರ ಸಿನಿಮಾ ಅಂತ ಹೆಮ್ಮೆಯಿಂದ ಹೇಳಿಕೊಂಡು ಬೆಳೆದವಳು. ಆ ನಾಯಕಿ ಆಮೇಲೆ ಏನಾದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಸೆಲೆಕ್ಟ್ ಆದೆ. ಈಗ ಕಾಗದದ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಓದಿ, ನಾನು ಬಿದ್ದಿದ್ದು ಇಲ್ಲೇ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಫೋಟೋ ಕೇಳಿದರು. ಸ್ಟೇಜಿನಲ್ಲಿ ನನಗೆ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ನಾಟಕದ ಮೇಷ್ಟ್ರು ಇಟ್ಟ ಹೆಸರೇ ಎಲ್ಲರಿಗೂ ಗೊತ್ತು. ಅದನ್ನೇ ಬರೆದುಕೊಟ್ಟೆ. ಮೊದಲ ಚೆಕ್ಕು ಸ್ಟೇಜ್ ಹೆಸರಿಗೇ ಬಂತು, ಬ್ಯಾಂಕಿನವರು ವಾಪಸ್ ಕೊಟ್ಟರು. ಹೊಸ ಚೆಕ್ಕಿಗೆ ಐದು ವಾರ. ಇನ್ನೊಂದು, ನನ್ನ ಪ್ಯಾನ್ ಆಧಾರ್‌ಗೆ ಲಿಂಕ್ ಆಗಿರಲಿಲ್ಲ. ಕಲಾವಿದರ ಪೇಮೆಂಟ್‌ನಲ್ಲಿ ಟಿಡಿಎಸ್ ಅಂತ, ಅಂದರೆ ಮೊದಲೇ ಕಳೆದುಕೊಳ್ಳುವ ತೆರಿಗೆ, 10 ಪರ್ಸೆಂಟ್ ಹಿಡಿಯುತ್ತಾರೆ. ಲಿಂಕ್ ಇಲ್ಲದ ಪ್ಯಾನ್ ಆದರೆ 20. ದಿನಕ್ಕೆ 2,000ದಂತೆ ಮೊದಲ 18 ದಿನದ್ದು 36,000 ಬರಬೇಕಿತ್ತು. 7,200 ಹೋಯಿತು. ಕಮಿಷನ್ 3,600 ಹೋಯಿತು. ಸೈಬರ್ ಸೆಂಟರಿನಲ್ಲಿ 1,000 ದಂಡ ಕಟ್ಟಿ ಲಿಂಕ್ ಮಾಡಿಸಿದೆ. ಹಿಡಿದ ದುಡ್ಡನ್ನು ರಿಟರ್ನ್ ಫೈಲ್ ಮಾಡಿ ವಾಪಸ್ ಕೇಳಬಹುದು. ಆದರೆ ಅವರು ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಿದ್ದಾರಾ ಅಂತ 26ಎಎಸ್ ಅನ್ನೋ, ನಮ್ಮ ಪ್ಯಾನ್‌ಗೆ ಕಟ್ಟಿದ ತೆರಿಗೆ ತೋರಿಸುವ ಹಾಳೆ ತೆಗೆಸಿ ನೋಡಿ. ಅದರಲ್ಲಿ ಇಲ್ಲ ಅಂದರೆ ಕಟ್ಟಿಲ್ಲದೇ ಇರಬಹುದು, ಅವರನ್ನೇ ಕೇಳಿ.

ಅಗ್ರಿಮೆಂಟ್ ಇಂಗ್ಲಿಷಿನಲ್ಲಿ, ಹನ್ನೊಂದು ಪುಟ. "ಸುಮ್ನೆ ಫಾರ್ಮಾಲಿಟಿ ಅಮ್ಮ, ಎಲ್ಲರೂ ಹಾಕ್ತಾರೆ" ಅಂದರು. ನಾನೂ ಎಲ್ಲರಂತೆ ಸಹಿ ಹಾಕಿದೆ. ಕಾಪಿ ಕೇಳಲಿಲ್ಲ. ನೀವು ಕೇಳಿ. ಕೊಡಲ್ಲ ಅಂದರೆ ಅಲ್ಲೇ ಒಂದೊಂದು ಪುಟಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಸೀರೆ ನಮ್ಮದೇ. ಇದು ಹೊರಗಿನವರಿಗೆ ಗೊತ್ತಿರಲ್ಲ. ಹೀರೋಯಿನ್‌ಗೆ ಕಾಸ್ಟ್ಯೂಮ್ ಕೊಡುತ್ತಾರೆ, ನಮ್ಮಂಥ ಪಾತ್ರದವರು ಮನೆಯಿಂದ ತರಬೇಕು. ಅದರಲ್ಲೂ ಶ್ರೀಮಂತರ ಮನೆ ಕಥೆ. ಅಡುಗೆಮನೆ ಸೀನಿಗೂ ಜರಿ ಅಂಚು ಬೇಕು. ಒಂದು ಸೀರೆ ಉಟ್ಟರೆ ಮೂರು ವಾರ ಅದನ್ನು ಮತ್ತೆ ಉಡುವ ಹಾಗಿಲ್ಲ. ತಂಗಿಯದು, ನಾದಿನಿಯದು, ಓರಗಿತ್ತಿಯದು ಎಲ್ಲಾ ಸೇರಿಸಿ ಒಂಬತ್ತು ಸೀರೆ ಹೊಂದಿಸಿದೆ. ಬ್ಲೌಸ್ ಹೊಲಿಸಲು 4,050. ನನ್ನ ಗಂಡನ ಪಾತ್ರದವರು ಇಡೀ ಐದು ತಿಂಗಳು ಎರಡು ಜುಬ್ಬಾ, ಒಂದು ಶಾಲಿನಲ್ಲಿ ಮುಗಿಸಿದರು. ಅದನ್ನೂ ಕಂಪನಿಯೇ ಕೊಟ್ಟಿತ್ತು.

ಅವರನ್ನು ಬೈಯಬಾರದು. ಒಳ್ಳೆಯವರು. ನನಗೆ ಕುರ್ಚಿ ಇಲ್ಲದಾಗ ತಾವು ಎದ್ದು ಕೊಟ್ಟಿದ್ದಾರೆ. ಅವರ ದಿನದ ಪೇಮೆಂಟ್ ನನ್ನ ಮೂರರಷ್ಟು ಅಂತ ಅವರೇ ಹೇಳಿದ್ದು. ಹೇಳುವಾಗ ನಾಚಿಕೊಂಡರು. ಸೆಟ್ಟಿನಲ್ಲಿ ಎಲ್ಲರೂ ಅವರಿಗೆ "ಸರ್" ಅನ್ನುತ್ತಿದ್ದರು. ನನಗೆ ಮೊದಲ ದಿನದಿಂದ "ಅಮ್ಮ". ಪ್ರೀತಿಯ ಮಾತೇ, ಇಲ್ಲ ಅನ್ನಲ್ಲ. ಆದರೆ "ಸರ್, ಪೇಮೆಂಟ್ ಲೇಟಾಗುತ್ತೆ" ಅನ್ನಲು ಬಾಯಿ ಬರಲ್ಲ. "ಅಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅನ್ನಲು ಬರುತ್ತೆ. ಶೂಟಿಂಗಿಗೆ ಯಾರು ಯಾವಾಗ ಬರಬೇಕು ಅಂತ ಕಳಿಸುವ ಕಾಲ್‌ಶೀಟಿನಲ್ಲಿ ಅವರ ಹೆಸರು ಇರುತ್ತಿತ್ತು. ನನ್ನ ಜಾಗದಲ್ಲಿ "ಹೀರೋ ಅಮ್ಮ" ಅಂತ ಅಷ್ಟೇ.

41 ದಿನ ಶೂಟಿಂಗ್ ಮಾಡಿದೆ. ಕೆಲಸ ಏನು ಅಂತೀರಾ? ಟ್ರೇ ಹಿಡಿದು ಬರೋದು, ಬಾಗಿಲ ಹತ್ತಿರ ನಿಂತು ಕಣ್ಣೊರೆಸೋದು, ದೇವರ ಮುಂದೆ ಕೈ ಮುಗಿಯೋದು. ಒಂದೇ ಒಂದು ದಿನ ಮೂರು ಪುಟದ ಡೈಲಾಗ್ ಸಿಕ್ಕಿತು, ಮಗನ ಕೆನ್ನೆಗೆ ಹೊಡೆಯುವ ಸೀನು. ಒಂದೇ ಟೇಕಿಗೆ ಮುಗಿಸಿದೆ. ಲೈಟ್ ಹುಡುಗರು ಚಪ್ಪಾಳೆ ತಟ್ಟಿದರು. 31 ವರ್ಷದ ಡೈರೆಕ್ಟರ್ ಓಡಿ ಬಂದು "ಅಮ್ಮ, ಸೂಪರ್" ಅಂದ. ಆವತ್ತು ರಾತ್ರಿ ಬಸ್ಸಿನಲ್ಲಿ ನಿದ್ದೆಯೇ ಬರಲಿಲ್ಲ. ನೆಲಮಂಗಲ ದಾಟಿ, ದಾಬಸ್‌ಪೇಟೆ ದಾಟಿ, ಕ್ಯಾತ್ಸಂದ್ರ ಬರುವವರೆಗೂ ಆ ಡೈಲಾಗನ್ನೇ ಬಾಯಲ್ಲಿ ಹೇಳಿಕೊಂಡೆ. ಪಕ್ಕದ ಸೀಟಿನವರು ಜಾಗ ಬದಲಾಯಿಸಿದರು.

ಆ ಸೀನು ಆಗಿ ಎರಡು ವಾರಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿದ.

"ಅಮ್ಮ, ಒಂದು ಒಳ್ಳೆ ಫೋಟೋ ಕಳಿಸಿ. ಎದೆವರೆಗೆ ಇರ್ಲಿ. ಸ್ವಲ್ಪ ನಗ್ತಾ ಇರೋದು."

ಪ್ರೋಮೋಗೆ ಇರಬೇಕು ಅಂದುಕೊಂಡೆ. ಅಶೋಕ ರಸ್ತೆ ಸ್ಟುಡಿಯೋಗೆ ಹೋಗಿ, 200 ರೂಪಾಯಿ ಕೊಟ್ಟು, ನಾದಿನಿಯ ಮಾವಿನಕಾಯಿ ಬಣ್ಣದ ಸೀರೆ ಉಟ್ಟು ತೆಗೆಸಿದೆ. ಚೆನ್ನಾಗಿ ಬಂದಿತ್ತು. ಕಳಿಸಿದೆ. "ಥ್ಯಾಂಕ್ಸ್ ಅಮ್ಮ" ಅಂತ ಕೈಮುಗಿದ ಚಿತ್ರ ಬಂತು. ಆಮೇಲೆ ಕಾಲ್‌ಶೀಟ್ ಬರಲೇ ಇಲ್ಲ.

ಹತ್ತು ದಿನ ಆದ ಮೇಲೆ ಸಂಜೆ ನಮ್ಮಮ್ಮ ಟಿವಿ ಮುಂದೆ ಕೂತವರು ಕಿಟಾರನೆ ಕಿರುಚಿದರು. ನಾನು ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದೆ. ಪರದೆ ಮೇಲೆ ನನ್ನ ಫೋಟೋ. ಗಂಧದ ಹಾರ, ಕೆಳಗೆ ದೀಪ. ಆಕ್ಸಿಡೆಂಟಂತೆ. ಕಾರು ಉರುಳಿದ್ದನ್ನು ತೋರಿಸಲಿಲ್ಲ, ಫೋನಿನಲ್ಲಿ ಸುದ್ದಿ ಬಂದ ಹಾಗೆ ಮಾಡಿದ್ದರು. ಅಮ್ಮನಿಗೆ 79. ಟಿವಿ ಆಫ್ ಮಾಡಿ, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮಾರನೇ ದಿನ ಹಾಲಿನ ಬೂತಿನಲ್ಲಿ ಒಬ್ಬರು "ಅಯ್ಯೋ, ಹೋಗಿಬಿಟ್ರಲ್ಲ ನೀವು" ಅಂತ ನನ್ನ ಕೈ ಹಿಡಿದುಕೊಂಡು ನಿಜವಾಗಿಯೂ ಅತ್ತರು. ನಾನೇ ಅವರಿಗೆ ಸಮಾಧಾನ ಮಾಡಿದೆ.

ಯಾಕೆ ಸಾಯಿಸಿದರು ಅಂತ ತಿಂಗಳಾದ ಮೇಲೆ ಗೊತ್ತಾಯಿತು. ಟಿಆರ್‌ಪಿ ಇಳಿದಿತ್ತು, ಹೊಸ ಟ್ರ್ಯಾಕ್ ಬೇಕಿತ್ತು. ಹೆಂಡತಿ ಕಳೆದುಕೊಂಡ 63ರ ಅಪ್ಪನಿಗೆ ಎರಡನೇ ಮದುವೆ. ಹೊಸ ಹೆಂಡತಿಯ ಪಾತ್ರಕ್ಕೆ ಬಂದ ಹುಡುಗಿಗೆ 34. ನನ್ನ ಫೋಟೋ ಮುಂದೆಯೇ ಅವಳು ನಿಂತು "ಅಕ್ಕಾ, ನಿಮ್ಮ ಜಾಗ ತುಂಬ್ತೀನಿ" ಅಂತ ಕೈ ಮುಗಿದಳು. ಗಂಡನನ್ನು ಸಾಯಿಸಿ 52ರ ನನಗೆ 34ರ ಹುಡುಗನನ್ನು ತಂದು ಕಟ್ಟುವ ಟ್ರ್ಯಾಕ್ ಯಾರಾದರೂ ಬರೆದಾರಾ ಅಂತ ಮಗಳು ಕೇಳಿದಳು. ಅಮ್ಮ "ಥೂ, ಬಿಡ್ತು ಅನ್ನು" ಅಂದರು. ಮದುವೆ ಬೇಡ ಮಾರಾಯ್ತಿ, ಒಂಟಿಯಾಗಿ ಮನೆ ನಡೆಸುವ ಹೆಂಗಸಿನ ಕಥೆ ಬರೆದಿದ್ದರೂ ಸಾಕಿತ್ತು.

ಆ ಫೋಟೋ ವಾರಕ್ಕೆ ನಾಲ್ಕು ದಿನ ಟಿವಿಯಲ್ಲಿ ಬರುತ್ತಿತ್ತು. ನನಗೆ ಬಾಕಿ 23 ದಿನದ 46,000. ಫೋಟೋ ಬರುವ ದಿನಕ್ಕೂ ಏನಾದರೂ ಕೊಡುತ್ತೀರಾ ಅಂತ ಕೇಳಿದೆ. ಅಕೌಂಟ್ಸ್‌ನವನು ಜೋಕ್ ಅಂದುಕೊಂಡು ನಕ್ಕ. ಅಗ್ರಿಮೆಂಟಿನಲ್ಲಿ ಫೋಟೋ ಹೇಗೆ ಬೇಕಾದರೂ ಬಳಸಬಹುದು ಅಂತ ಇತ್ತಂತೆ. ಓದದೆ ಸಹಿ ಹಾಕಿದ ಪುಟಗಳಲ್ಲಿ ಅದೂ ಒಂದು.

ಬಾಕಿಗೆ ಮೊದಲು "90 ದಿನ ಆಗುತ್ತೆ" ಅಂದರು. ತೊಂಬತ್ತಾಯಿತು. "ಚಾನೆಲ್‌ನಿಂದ ಬಂದಿಲ್ಲ" ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಎರಡು ಸಲ ಆಫೀಸಿಗೆ ಹೋದೆ, ಬಾಗಿಲಲ್ಲೇ ಕೂರಿಸಿ ನೀರು ಕೊಟ್ಟು ಕಳಿಸಿದರು. ಅಷ್ಟು ಹೊತ್ತಿಗೆ ಆ 23 ದಿನದಲ್ಲಿ ನಾನು ಶೂಟಿಂಗ್ ಮಾಡಿದ್ದೇ ಸುಳ್ಳೇನೋ ಅನ್ನುವಷ್ಟು ಕುಗ್ಗಿ ಹೋಗಿದ್ದೆ.

ದಾರಿ ತೋರಿಸಿದ್ದು ನಮ್ಮ ಹಾರ್ಮೋನಿಯಂ ಮೇಷ್ಟ್ರ ಮಗಳು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಕೋರ್ಟ್ ಆವರಣದಲ್ಲೇ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ಸಹಾಯ ಉಚಿತ, ಆದಾಯ ಎಷ್ಟಿದ್ದರೂ ಸರಿ. 1987ರ ಕಾಯ್ದೆಯಲ್ಲೇ ಹಾಗಿದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಾನು ಆಧಾರ್ ಕಾಪಿ, ಬಿಳಿ ಹಾಳೆಯಲ್ಲಿ ಒಂದು ಅರ್ಜಿ, ಕಾಲ್‌ಶೀಟ್ ಮೆಸೇಜುಗಳ ಪ್ರಿಂಟ್ ತಗೊಂಡು ಹೋದೆ. ನನ್ನನ್ನು ಉಳಿಸಿದ್ದು ಆ ಮೆಸೇಜುಗಳೇ. 41 ದಿನದ್ದೂ ಇತ್ತು. ಫೋನ್ ತುಂಬಿತು ಅಂತ ಮಗಳು ಅಳಿಸಲು ಹೊರಟಿದ್ದಳು, ಸದ್ಯ ಬಿಟ್ಟಿದ್ದಳು. ದಿನದ ಲೆಕ್ಕವನ್ನು ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ಅದನ್ನೂ ಕಿತ್ತುಕೊಂಡು ಹೋಗಿದ್ದೆ. ಬಾಕಿ ವಸೂಲಿಗೆ ಕೇಸು ಹಾಕಲು ಮೂರು ವರ್ಷದ ಒಳಗೆ ಹೋಗಬೇಕು. ಜಾಸ್ತಿ ತಡ ಮಾಡಬೇಡಿ.

ವಕೀಲರು ಚಿಕ್ಕ ವಯಸ್ಸಿನ ಹುಡುಗಿ. ಎಲ್ಲಾ ಕೇಳಿಸಿಕೊಂಡು, "ಮೇಡಂ, ಸೆಟ್ಟಿನಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರಾ? ಅದಕ್ಕೆ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ, ಕಂಪ್ಲೇಂಟ್ ಕಮಿಟಿ ಇರಬೇಕು" ಅಂತ ಕೇಳಿದರು. ಇಲ್ಲ ಅಂದೆ. ಯಾರೂ ಮುಟ್ಟಿಲ್ಲ, ಬೈದಿಲ್ಲ. ಎಲ್ಲರೂ ಅಮ್ಮ ಅಂದರು. ಮೂರರಲ್ಲಿ ಒಂದು ಪಾಲು ಕೊಟ್ಟರು, ಬಿಳಿ ಬಣ್ಣ ಹಚ್ಚಿದರು, ಹೇಳದೆ ಸಾಯಿಸಿದರು. "ಇದಕ್ಕೆ ಯಾವ ಸೆಕ್ಷನ್?" ಅಂತ ನಾನು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಬಾಕಿಗೆ ಹಾಕೋಣ ಮೇಡಂ" ಅಂದರು.

ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಇದೆ. ಅದಕ್ಕೆ ಕೋರ್ಟ್ ಫೀ ಇಲ್ಲ. ಕಂಪನಿಗೆ ನೋಟಿಸ್ ಹೋಯಿತು. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ಸಲ ಅಕೌಂಟ್ಸ್‌ನವನೇ ಬಂದ, ಬೆವರುತ್ತಾ. ಈ ಸಲ "ಮೇಡಂ" ಅಂದ. ಮೂರು ಕಂತು ಅಂತ ಬರೆದು ಸಹಿಯಾಯಿತು. 10 ಪರ್ಸೆಂಟ್ ಟಿಡಿಎಸ್ ಕಳೆದು 41,400. ಒಪ್ಪಂದದ ಕಾಪಿ ಕೇಳಿ ತಗೊಂಡೆ, ಈ ಸಲ ಮರೆಯಲಿಲ್ಲ. ಒಂದು ಕಂತು ಹದಿನೈದು ದಿನ ತಡವಾಯಿತು, ಆದರೂ ಬಂತು.

ನಿನ್ನೆ ಕೋಆರ್ಡಿನೇಟರ್ ಮತ್ತೆ ಫೋನ್ ಮಾಡಿದ್ದ. ಹೊಸ ಧಾರಾವಾಹಿ, ಅಜ್ಜಿ ಪಾತ್ರ. ಅಜ್ಜನ ಪಾತ್ರದವರಿಗೆ ಎಷ್ಟು ವಯಸ್ಸು ಅಂತ ಕೇಳಿದೆ. "ಅಜ್ಜ ಫಿಕ್ಸ್ ಆಗಿಲ್ಲ ಅಕ್ಕ, 65ರ ಮೇಲೆ ನೋಡ್ತಿದ್ದಾರೆ" ಅಂದ. ಸೀರೆ ಯಾರದು, ಚೆಕ್ಕು ಎಷ್ಟು ದಿನಕ್ಕೆ, ಅಗ್ರಿಮೆಂಟ್ ಕನ್ನಡದಲ್ಲಿ ಕೊಡುತ್ತಾರಾ ಅಂತ ಒಂದೊಂದೇ ಕೇಳಿದೆ. ಎಲ್ಲಕ್ಕೂ "ಆಯ್ತು ಅಕ್ಕ, ಕೇಳ್ತೀನಿ" ಅಂತಿದ್ದ. ಕೊನೆಗೆ, ಹಾರ ಹಾಕಿದ ಫೋಟೋ ತೋರಿಸಿದರೆ ದಿನಕ್ಕೆ 500 ಅಂತ ಬರೆಸಿಕೊಡಬೇಕು ಅಂದೆ.

"ಅಕ್ಕ, ಇನ್ನೂ ಪಾತ್ರನೇ ಶುರುವಾಗಿಲ್ಲ" ಅಂದ.

"ಅದಕ್ಕೇ ಈಗಲೇ ಕೇಳ್ತಿರೋದು" ಅಂದೆ.